ಬೋರ್‌ವೆಲ್‌ಗೆ ಅದ್ದಿದರೆ ಫ್ಲೋರೈಡ್ ಗೊತ್ತಾಗುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಚಿನ್ನ ಲೇಪಿಸಿದ ಆಪ್ಟಿಕಲ್ ಫೈಬರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗಾಜಿನ ಎಳೆ, ಅದರ ಮೇಲೆ ತೆಳ್ಳಗೆ ಚಿನ್ನ. ಅದನ್ನು ದ್ರವಕ್ಕೆ ಅದ್ದಿ ಬೆಳಕು ಬಿಟ್ಟರೆ ದ್ರವದಲ್ಲಿ ಏನೋ ಬೆರೆತಿದೆ ಅಂತ ಬೆಳಕಿನ ಬಣ್ಣದಲ್ಲೇ ಗೊತ್ತಾಗುತ್ತದೆ, ಇದಕ್ಕೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್, ಚಿಕ್ಕದಾಗಿ ಎಸ್‌ಪಿಆರ್ ಅನ್ನುತ್ತಾರೆ. ಬರೆದಿದ್ದು ಇಷ್ಟೇ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ, ಕೆಲವಕ್ಕೆ ಉತ್ತರ ಬರೆದಿದ್ದೇನೆ.

ಶಿವಮೊಗ್ಗದಿಂದ ಬಿಎಸ್ಸಿ ವಿದ್ಯಾರ್ಥಿನಿ: ಸರ್, ಫೈಬರ್ ಒಳಗೆ ಬೆಳಕು ಪೂರ್ತಿ ಪ್ರತಿಫಲಿಸುತ್ತಾ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ ಅಂತ ನಾವು ಓದಿದ್ದೇವೆ. ಹೊರಗೇ ಬರದ ಬೆಳಕಿಗೆ ಹೊರಗಿನ ದ್ರವ ಹೇಗೆ ಗೊತ್ತಾಗುತ್ತದೆ?

ಸರಿಯಾದ ಜಾಗದಲ್ಲೇ ಹಿಡಿದಿದ್ದೀರಮ್ಮ. ಪುಸ್ತಕದಲ್ಲಿ ಹಾಗೆ ಬರೆದಿರುತ್ತಾರೆ, ಪರೀಕ್ಷೆಗೆ ಅಷ್ಟು ಸಾಕು. ಆದರೆ ಬೆಳಕು ಗಾಜಿನ ಅಂಚಿನಲ್ಲಿ ತಿರುಗುವಾಗ, ಹೊಸ್ತಿಲಲ್ಲಿ ನಿಂತು ಬೀದಿಗೆ ಕತ್ತು ಚಾಚಿದ ಹಾಗೆ, ಒಂಚೂರು ಆಚೆ ಇಣುಕಿ ಒಳಗೆ ಹೋಗುತ್ತದೆ. ಎಷ್ಟು ದೂರ ಇಣುಕುತ್ತದೆ? ಇನ್ನೂರು ಮುನ್ನೂರು ನ್ಯಾನೊಮೀಟರ್. ನಮ್ಮ ತಲೆಕೂದಲಿನ ದಪ್ಪ ಸುಮಾರು 70,000 ನ್ಯಾನೊಮೀಟರ್ ಇರುತ್ತದೆ, ಹೋಲಿಸಿ ನೋಡಿ.

ಮಾಮೂಲಿ ಫೈಬರ್‌ನಲ್ಲಿ ಈ ಇಣುಕಾಟ ಕ್ಲ್ಯಾಡಿಂಗ್ ಅನ್ನುವ ಹೊರಪದರದೊಳಗೇ ಮುಗಿದುಹೋಗುತ್ತದೆ. ಸೆನ್ಸರ್ ಮಾಡುವವರು ಒಂದು ಸೆಂಟಿಮೀಟರ್‌ನಷ್ಟು ಉದ್ದ ಆ ಪದರ ಸುಲಿದು, ಬರೀ ಗಾಜಿನ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪ ಚಿನ್ನ ಕೂರಿಸುತ್ತಾರೆ. ಚಿನ್ನ ಅಷ್ಟು ತೆಳ್ಳಗಿದ್ದರೆ ಇಣುಕಿದ ಬೆಳಕು ಅದನ್ನೂ ದಾಟಿ ಅದರ ಹೊರಮೈ ಮುಟ್ಟುತ್ತದೆ. ಅಲ್ಲಿ ಲೋಹದ ಎಲೆಕ್ಟ್ರಾನ್‌ಗಳು ಹಿಡಿತವಿಲ್ಲದೆ ಓಡಾಡಿಕೊಂಡಿರುತ್ತವೆ.

ಹಳೇ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಮುಂದಿನದು ಗೊತ್ತಿರುವ ವಿಷಯವೇ. ಇಂಜಿನ್ ನಿಧಾನಕ್ಕಿದ್ದಾಗ ಕಿಟಕಿ ಗಾಜು ಸುಮ್ಮನಿರುತ್ತದೆ, ಜೋರಾದಾಗಲೂ ಸುಮ್ಮನಿರುತ್ತದೆ, ನಡುವೆ ಯಾವುದೋ ಒಂದು ವೇಗಕ್ಕೆ ಬಂದಾಗ ಮಾತ್ರ ಗಡಗಡ ಅಂತ ಹೊಡೆದುಕೊಳ್ಳುತ್ತದೆ. ಆ ಗಾಜಿಗೆ ಅಂಗೈ ಒತ್ತಿ ಹಿಡಿಯಿರಿ. ಸದ್ದು ನಿಲ್ಲುತ್ತದೆ, ಆದರೆ ಬಸ್ಸು ಬೇರೊಂದು ವೇಗಕ್ಕೆ ಬಂದಾಗ ಮತ್ತೆ ಶುರು. ಚಿನ್ನದ ಮೇಲಿನ ಎಲೆಕ್ಟ್ರಾನ್‌ಗಳೂ ಹಾಗೇ. ಎಲ್ಲ ಬಣ್ಣವೂ ಇರುವ ಬಿಳಿ ಬೆಳಕನ್ನು ಬಿಟ್ಟರೆ, ಅವು ಒಂದೇ ಒಂದು ಬಣ್ಣಕ್ಕೆ ಚೆನ್ನಾಗಿ ತೂಗುತ್ತವೆ, ಆ ಬಣ್ಣದ ಬೆಳಕನ್ನು ನುಂಗಿಬಿಡುತ್ತವೆ. ಫೈಬರ್‌ನ ಇನ್ನೊಂದು ತುದಿಯಲ್ಲಿ ಸ್ಪೆಕ್ಟ್ರೋಮೀಟರ್, ಅಂದರೆ ಯಾವ ಬಣ್ಣದ ಬೆಳಕು ಎಷ್ಟಿದೆ ಅಂತ ಬಿಡಿಸಿ ತೋರಿಸುವ ಯಂತ್ರ, ಇಟ್ಟು ನೋಡಿದರೆ ಗ್ರಾಫ್‌ನಲ್ಲಿ ಆ ಜಾಗದಲ್ಲಿ ಒಂದು ತಗ್ಗು ಬಿದ್ದಿರುತ್ತದೆ. ಹೊರಗಿರುವ ದ್ರವವೇ ಇಲ್ಲಿ ಅಂಗೈ. ದ್ರವದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ, ಜಾಸ್ತಿಯಾದರೆ ತಗ್ಗು ಕೆಂಪಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿಯಿತು ಅನ್ನುವುದೇ ಅಳತೆ.

ಅಂಕಿ ಬೇಕಾದರೆ ಹೀಗೆ. ನೀರಿನ ಸೂಚ್ಯಂಕ 1.333. ನೂರಕ್ಕೆ ಹತ್ತು ಭಾಗ ಸಕ್ಕರೆ ಇರುವ ನೀರಿನದು 1.348. ವ್ಯತ್ಯಾಸ ಬರೀ 0.015. ಆದರೆ ಇಂಥ ಫೈಬರ್‌ನಲ್ಲಿ ಸೂಚ್ಯಂಕ 0.001 ಬದಲಾದರೆ ತಗ್ಗು ಎರಡು ನ್ಯಾನೊಮೀಟರ್‌ನಷ್ಟು ಸರಿಯುತ್ತದೆ, ಅಂದರೆ ಈ ಸಕ್ಕರೆ ನೀರಿಗೆ ಸುಮಾರು 30. ನಾನು ಮೊದಲ ಸಲ ಇದನ್ನು ನೋಡಿದಾಗ ಸಿರಿಂಜ್‌ನಿಂದ ಸಕ್ಕರೆ ನೀರು ಬಿಡುತ್ತಿದ್ದಂತೆ ಸ್ಕ್ರೀನ್ ಮೇಲಿನ ತಗ್ಗು ನಿಧಾನಕ್ಕೆ ಬಲಗಡೆ ಜಾರಿತು, ಬರೀ ನೀರು ಬಿಟ್ಟಾಗ ವಾಪಸ್ ಬಂತು. ಚಹಾ ತಣ್ಣಗಾಗುವವರೆಗೂ ಅದನ್ನೇ ಆಡಿಕೊಂಡು ಕೂತಿದ್ದೆ.

ಪಾವಗಡದಿಂದ ಶಾಲಾ ಶಿಕ್ಷಕರು: ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ. ಈ ಫೈಬರ್ ಅದ್ದಿದರೆ ಅಲ್ಲೇ ಫ್ಲೋರೈಡ್ ಎಷ್ಟಿದೆ ಅಂತ ಹೇಳುತ್ತಾ? ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಅಲೆಯುವುದು ತಪ್ಪಿದರೆ ಸಾಕು.

ಮೇಷ್ಟ್ರೇ, ನೇರವಾಗಿ ಹೇಳಿಬಿಡುತ್ತೇನೆ. ಸುಮ್ನೆ ಅದ್ದಿದರೆ ಹೇಳುವುದಿಲ್ಲ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಆಸೆಯವು. ಕೀಟನಾಶಕ, ಸೀಸ, ಯೂರಿಯಾ, ಒಬ್ಬೊಬ್ಬರು ಒಂದೊಂದು ಕೇಳಿದ್ದಾರೆ. ಎಲ್ಲರಿಗೂ ಉತ್ತರ ಒಂದೇ ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹಾಕಿರುವ ಮಿತಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ನೀರೇ ಇಲ್ಲದ ಕಡೆ 1.5. ಈ ಒಂದೂವರೆ ಮಿಲಿಗ್ರಾಂ ನೀರಿನ ಸೂಚ್ಯಂಕವನ್ನು ಬದಲಿಸುವುದು ದಶಮಾಂಶದ ಏಳನೇ ಸ್ಥಾನದಲ್ಲಿ. 0.0000002 ಅಂತ ಇಟ್ಟುಕೊಳ್ಳಿ. ಮೇಲೆ ಹೇಳಿದ ಲೆಕ್ಕದಲ್ಲಿ ತಗ್ಗು ಸರಿಯುವುದು 0.0004 ನ್ಯಾನೊಮೀಟರ್. ಲ್ಯಾಬಿನ ಮಾಮೂಲಿ ಸ್ಪೆಕ್ಟ್ರೋಮೀಟರ್‌ಗೆ ಒಂದು ನ್ಯಾನೊಮೀಟರ್ ಆಚೀಚೆಯದನ್ನು ಬೇರೆ ಮಾಡಿ ತೋರಿಸುವುದೇ ಕಷ್ಟ. ಲೆಕ್ಕದ ಕಸರತ್ತು ಮಾಡಿ ಅದರ ನೂರನೇ ಒಂದು ಭಾಗ ಕಂಡುಹಿಡಿದರೂ ಫ್ಲೋರೈಡ್ ಕಾಣುವುದಿಲ್ಲ.

ಕಾಣದಿದ್ದರೆ ಅಷ್ಟೇ ಹೋಯಿತು, ಇನ್ನೊಂದು ತೊಂದರೆ ಇದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಅದರ ಸೂಚ್ಯಂಕ 0.0001 ಕಡಿಮೆಯಾಗುತ್ತದೆ. ನಿಮ್ಮ ಫ್ಲೋರೈಡ್ ಮಾಡುವ ಬದಲಾವಣೆಯ ಐನೂರು ಪಟ್ಟು! ಈ ಹಳ್ಳಕ್ಕೆ ನಾನೇ ಬಿದ್ದಿದ್ದೇನೆ. ಒಮ್ಮೆ ಹೊಸ ಲೇಪನವೊಂದನ್ನು ಪರೀಕ್ಷೆ ಮಾಡುತ್ತಿದ್ದೆವು, ದ್ರಾವಣ ಬಿಟ್ಟ ತಕ್ಷಣ ತಗ್ಗು ಎರಡು ನ್ಯಾನೊಮೀಟರ್ ಕೆಂಪಿಗೆ ಹೋಯಿತು, ಎಲ್ಲರೂ ಕುಣಿದಾಡಿದೆವು, ಐದು ನಿಮಿಷದಲ್ಲಿ ಅದು ತಾನಾಗಿಯೇ ವಾಪಸ್ ಬರಲು ಶುರುವಾಯಿತು. ರಾಸಾಯನಿಕವೇ ಬಿಟ್ಟುಕೊಳ್ಳುತ್ತಿದೆ ಅಂತ ಒಂದಿಡೀ ಮಧ್ಯಾಹ್ನ ಅದಕ್ಕೆ ಕಾರಣ ಹುಡುಕಿದೆವು. ಕೊನೆಗೆ ಲ್ಯಾಬಿನ ಅಟೆಂಡರ್ ಕೇಳಿದರು, ಆ ಬಾಟಲಿ ಫ್ರಿಜ್‌ನಿಂದ ತೆಗೆದದ್ದಲ್ವಾ ಅಂತ. ತಣ್ಣಗಿದ್ದ ದ್ರಾವಣ ಬಿಸಿಯಾಗಿತ್ತು, ಅಷ್ಟೇ. ಅವತ್ತಿನಿಂದ ನಾನು ಪಕ್ಕದಲ್ಲಿ ಥರ್ಮಾಮೀಟರ್ ಇಲ್ಲದೆ ಯಾವ ಅಳತೆಯನ್ನೂ ನಂಬುವುದಿಲ್ಲ. ಪಕ್ಕದಲ್ಲೇ ಏನನ್ನೂ ಹಿಡಿಯದ ಇನ್ನೊಂದು ಫೈಬರ್ ಇಟ್ಟು, ಎರಡರ ವ್ಯತ್ಯಾಸ ನೋಡುವುದು ಇದಕ್ಕೆ ಮಾಡುವ ಉಪಾಯ.

ವಿಷಯ ಏನೆಂದರೆ ಬೆಳಕಿಗೆ ರಸಾಯನಶಾಸ್ತ್ರ ಬರುವುದಿಲ್ಲ. ಅದಕ್ಕೆ ಗೊತ್ತಾಗುವುದು ಚಿನ್ನದ ಮೇಲಿನ ಇನ್ನೂರು ಮುನ್ನೂರು ನ್ಯಾನೊಮೀಟರ್‌ನಲ್ಲಿ ಸೂಚ್ಯಂಕ ಎಷ್ಟು ಅಂತ ಮಾತ್ರ. ಅದು ಸಕ್ಕರೆಯಿಂದ ಬಂತೋ ಉಪ್ಪಿನಿಂದ ಬಂತೋ ತಣ್ಣೀರಿನಿಂದ ಬಂತೋ ಅದಕ್ಕೆ ಬೇಕಾಗಿಲ್ಲ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್‌ಗಿಂತ ನೂರಾರು ಪಟ್ಟು ಬೇರೆ ಲವಣಗಳಿರುತ್ತವೆ, ಎಲ್ಲವೂ ಅದಕ್ಕೆ ಒಂದೇ. ಗುರುತು ಹಿಡಿಯುವ ಕೆಲಸಕ್ಕೆ ಬೇರೆಯವರು ಬೇಕು. ಆದ್ದರಿಂದ ಚಿನ್ನದ ಮೇಲೆ ಇನ್ನೊಂದು ತೊಗಲು ಹೊದಿಸುತ್ತಾರೆ. ಬೇಕಾದ ಪದಾರ್ಥವನ್ನಷ್ಟೇ ಹಿಡಿದುಕೊಳ್ಳುವ ತೊಗಲು. ಅದು ಹಿಡಿದುಕೊಂಡು ಉಬ್ಬುತ್ತದೆ, ಇಲ್ಲವೇ ಗಟ್ಟಿಯಾಗುತ್ತದೆ. ಲೀಟರ್ ನೀರಿನಲ್ಲಿ ಚದುರಿದ್ದು ಆ ತೆಳು ಪದರದಲ್ಲಿ ಒತ್ತಾಗಿ ಬಂದು ಸೇರುತ್ತದೆ. ಬೆಳಕು ನೋಡುವುದು ಆ ತೊಗಲನ್ನು.

ಪಿಎಚ್ ಅಳೆಯಲು ಹುಳಿಗೆ ಉಬ್ಬುವ, ಕ್ಷಾರಕ್ಕೆ ಕುಗ್ಗುವ ಜೆಲ್ ಹಾಕುತ್ತಾರೆ, ಇದರ ಉಲ್ಟಾ ಇರುವ ಜೆಲ್‌ಗಳೂ ಇವೆ. ಗ್ಲುಕೋಸ್‌ಗೆ ಗ್ಲುಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ. ಹೈಡ್ರೋಜನ್ ಅನಿಲಕ್ಕೆ ಪಲೇಡಿಯಂ. ಪಾದರಸಕ್ಕೆ ಚಿನ್ನವೇ ಸಾಕು, ಎರಡೂ ಕೂಡಿಕೊಳ್ಳುತ್ತವೆ. ನಿಮ್ಮ ಫ್ಲೋರೈಡ್‌ಗೂ ಇಷ್ಟವಾದವರಿದ್ದಾರೆ, ಜಿರ್ಕೋನಿಯಂ, ಅಲ್ಯೂಮಿನಿಯಂ ಇಂಥವು. ಫ್ಲೋರೈಡ್ ತೆಗೆಯುವ ಫಿಲ್ಟರ್‌ನಲ್ಲಿ ಅಲ್ಯುಮಿನಾ ತುಂಬಿರುತ್ತಾರಲ್ಲ, ಅದು ಇದೇ ಸ್ನೇಹದಿಂದ. ಆದರೆ ಅಂಥ ಪದರವನ್ನು ಫೈಬರ್ ಮೇಲೆ ಸಮನಾಗಿ ಕೂರಿಸಿ, ಊರಿನ ನೀರಿನ ಗಡಸುತನಕ್ಕೂ ಕೆಸರಿಗೂ ಜಗ್ಗದ ಹಾಗೆ ಮಾಡುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಇವತ್ತಿಗೆ ನಿಮಗೆ ಬೇಕಾದದ್ದು ಫೀಲ್ಡ್ ಟೆಸ್ಟ್ ಕಿಟ್. ಹನಿ ಹಾಕಿದರೆ ಬಣ್ಣ ಬದಲಾಗುವಂಥದ್ದು. ಕಿಟ್‌ನಲ್ಲಿ ಸಂಶಯ ಬಂದರೆ ಲ್ಯಾಬಿಗೆ ಕಳಿಸಿ. ಆಸೆ ತೋರಿಸಿ ಕೈಬಿಡುವುದಕ್ಕಿಂತ ಇದನ್ನೇ ಹೇಳುವುದು ವಾಸಿ.

ಮಂಡ್ಯ ಜಿಲ್ಲೆಯ ಹಾಲಿನ ಸೊಸೈಟಿಯೊಂದರ ಕಾರ್ಯದರ್ಶಿ: ಹಾಲಿಗೆ ನೀರು ಹಾಕಿದ್ದನ್ನು ಇದು ಹಿಡಿಯುತ್ತದಾ? ಲ್ಯಾಕ್ಟೋಮೀಟರ್‌ಗೆ ಮೋಸ ಮಾಡುವವರು ಜಾಸ್ತಿಯಾಗಿದ್ದಾರೆ.

ಲ್ಯಾಕ್ಟೋಮೀಟರ್ ನೋಡುವುದು ಸಾಂದ್ರತೆ. ನೀರು ಹಾಕಿ ಇಳಿದ ಸಾಂದ್ರತೆಯನ್ನು ಸಕ್ಕರೆ ಹಾಕಿ ಏರಿಸುತ್ತಾರೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ಬರೀ ಚಿನ್ನದ ಫೈಬರ್ ನೋಡುವುದು ಸೂಚ್ಯಂಕ. ಅದೇ ಸಕ್ಕರೆ ಸೂಚ್ಯಂಕವನ್ನೂ ಏರಿಸುತ್ತದೆ. ಹಾಗಾಗಿ ಲ್ಯಾಕ್ಟೋಮೀಟರ್‌ಗೆ ಟೋಪಿ ಹಾಕಿದವನು ಇದಕ್ಕೂ ಹಾಕುತ್ತಾನೆ.

ಒಂದು ಅನುಕೂಲ ಮಾತ್ರ ಇದೆ. ಹಾಲಿನ ಮೂಲಕ ಬೆಳಕು ದಾಟಬೇಕಾಗಿಲ್ಲ. ಬೆಳಕು ಇರುವುದು ಫೈಬರ್ ಒಳಗೆ, ಇಣುಕುವುದು ಕೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಲು ಎಷ್ಟು ಬೆಳ್ಳಗಿದ್ದರೂ, ರಕ್ತ ಎಷ್ಟು ಕೆಂಪಗಿದ್ದರೂ, ಮಸಿಯೇ ಆದರೂ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಆದರೆ ಹಾಲಿನ ಪ್ರೋಟೀನ್ ಚಿನ್ನಕ್ಕೆ ಅಂಟಿಕೊಂಡು ಕೂರುತ್ತದೆ. ಮೊದಲ ಸಲ ಅದ್ದಿದಾಗ ಒಂದು ಅಳತೆ, ತೊಳೆದು ಎರಡನೇ ಸಲ ಅದ್ದಿದಾಗ ಬೇರೆ. ಹಾಲು ಕಾಯಿಸಿದ ಪಾತ್ರೆಯ ತಳ ಉಜ್ಜಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಎಸ್‌ಪಿಆರ್ ಹಾಲಿನಲ್ಲಿ ಉಪಯೋಗಕ್ಕೆ ಬಂದಿರುವುದು ಬೇರೆ ಕಡೆ, ಹಸುವಿಗೆ ಕೊಟ್ಟ ಆಂಟಿಬಯೋಟಿಕ್ ಹಾಲಿನಲ್ಲಿ ಉಳಿದಿದೆಯಾ ಅಂತ ನೋಡಲು. ಅದಕ್ಕೂ ಚಿನ್ನದ ಮೇಲೆ ಪ್ರತಿಕಾಯದ (ಆಂಟಿಬಾಡಿ) ತೊಗಲು ಬೇಕು, ಅದೂ ಹೆಚ್ಚಾಗಿ ದೊಡ್ಡ ಲ್ಯಾಬಿನ, ಫೈಬರ್ ಬದಲು ಗಾಜಿನ ಪ್ರಿಸಂ ಇರುವ ಯಂತ್ರಗಳಲ್ಲಿ.

ಉಡುಪಿಯಿಂದ ಚಿನ್ನದ ಕೆಲಸದವರು: ನಮ್ಮ ಮನೆತನದ್ದೇ ಅಕ್ಕಸಾಲಿ ಕೆಲಸ. ಒಂದು ಫೈಬರ್‌ಗೆ ಎಷ್ಟು ಚಿನ್ನ ಹೋಗುತ್ತದೆ? ಎಷ್ಟು ಕ್ಯಾರೆಟ್? ಬೆಳ್ಳಿ ಯಾಕೆ ಆಗಲ್ಲ?

ಈ ಪತ್ರ ಓದಿ ಖುಷಿಯಾಯಿತು. ಕ್ಯಾಲ್ಕುಲೇಟರ್ ಹಿಡಿದು ಕೂತೆ. 0.6 ಮಿಲಿಮೀಟರ್ ದಪ್ಪದ ಫೈಬರ್, ಅದರ ಮೇಲೆ ಒಂದು ಸೆಂಟಿಮೀಟರ್ ಉದ್ದಕ್ಕೆ ಸುತ್ತಲೂ 50 ನ್ಯಾನೊಮೀಟರ್ ಚಿನ್ನ ಅಂದರೆ ಸುಮಾರು 18 ಮೈಕ್ರೊಗ್ರಾಂ ಬರುತ್ತದೆ. ಒಂದು ಗ್ರಾಂನಲ್ಲಿ ಐವತ್ತು ಸಾವಿರ ಫೈಬರ್ ಆಗಬೇಕು. ಆಗುವುದಿಲ್ಲ, ಯಾಕೆಂದರೆ ನಿರ್ವಾತದ ಡಬ್ಬಿಯಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸುವಾಗ ಬಹುಪಾಲು ಡಬ್ಬಿಯ ಗೋಡೆಗೇ ಮೆತ್ತಿಕೊಳ್ಳುತ್ತದೆ. ನಿಮ್ಮ ಅಂಗಡಿಯ ಕಸವನ್ನೂ ಬಿಡದೆ ಜಾಲಿಸುವ ಹಾಗೆ, ಆ ಗೋಡೆಯನ್ನೂ ಕೆರೆಯುವವರಿದ್ದಾರೆ.

ಚಿನ್ನ ಅಪ್ಪಟವೇ ಬೇಕು, ತಾಮ್ರ ಬೆರೆತರೆ ತಗ್ಗು ಅಗಲವಾಗಿ ಹೋಗುತ್ತದೆ. ನೀವು ನೋಡಿರುವ ಚಿನ್ನದ ರೇಕು ಬಡಿದು ಬಡಿದು ತೆಳ್ಳಗಾಗಿ ನೂರು ನ್ಯಾನೊಮೀಟರ್ ಆಸುಪಾಸಿಗೆ ಬರುತ್ತದೆ, ಇದು ಅದರ ಅರ್ಧ. ಗಾಜಿನ ಮೇಲೆ ಕೂತ ಇಂಥ ಚಿನ್ನವನ್ನು ಬೆಳಕಿಗೆ ಹಿಡಿದು ಆಚೆ ನೋಡಿದರೆ ಹಳದಿ ಅಲ್ಲ, ನೀಲಿ ಮಿಶ್ರಿತ ಹಸಿರು ಕಾಣುತ್ತದೆ. ದಪ್ಪ ಜಾಸ್ತಿಯಾದರೆ ಬೆಳಕು ಹೊರಮೈಗೆ ತಲುಪುವುದೇ ಇಲ್ಲ. ತೀರಾ ಕಡಿಮೆಯಾದರೆ ತಗ್ಗು ಹರಡಿಕೊಂಡು ಎಲ್ಲಿದೆ ಅಂತ ಹೇಳುವುದೇ ಕಷ್ಟ. ಇನ್ನೊಂದು, ಚಿನ್ನ ಗಾಜಿಗೆ ಅಂಟುವುದಿಲ್ಲ. ನಡುವೆ ಎರಡು ಮೂರು ನ್ಯಾನೊಮೀಟರ್ ಕ್ರೋಮಿಯಂ ಹಾಕದಿದ್ದರೆ ಟಿಶ್ಯೂ ಪೇಪರ್‌ನಲ್ಲಿ ಒರೆಸಿದರೂ ಎದ್ದುಬರುತ್ತದೆ.

ಬೆಳ್ಳಿ ಆಗಲ್ಲ ಅಂತಲ್ಲ. ಬೆಳ್ಳಿಯ ತಗ್ಗು ಚಿನ್ನದ್ದಕ್ಕಿಂತ ಕಿರಿದು, ಜಾಗ ಗುರುತಿಸುವುದು ಸುಲಭ. ಅಮೆರಿಕದ ಸಿಯಾಟಲ್‌ನಲ್ಲಿ ಯೋರ್ಗೆನ್ಸನ್ ಮತ್ತು ಯೀ 1993ರಲ್ಲಿ ಮಾಡಿ ತೋರಿಸಿದ ಫೈಬರ್ ಸೆನ್ಸರ್‌ಗೆ ಹಾಕಿದ್ದು ಬೆಳ್ಳಿಯೇ. ಆದರೆ ಬೆಳ್ಳಿ ದೀಪ ದೇವರ ಕೋಣೆಯಲ್ಲಿಟ್ಟರೂ ಕಪ್ಪಾಗುತ್ತದೆ ಅಲ್ವಾ? ಗಾಳಿಯ ಗಂಧಕಕ್ಕೆ ಅದು ತಡೆಯುವುದಿಲ್ಲ. ಅದನ್ನೇ ಉಪಯೋಗ ಮಾಡಿಕೊಂಡು, ಚರಂಡಿ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಿಡಿಯಲು ಬೆಳ್ಳಿಯನ್ನು ಹಾಕುವುದೂ ಉಂಟು.

ಹುಬ್ಬಳ್ಳಿಯಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳು: ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಮಾಡಬೇಕು ಅಂತಿದ್ದೇವೆ. ಮನೆಯ ಇಂಟರ್‌ನೆಟ್ ಕನೆಕ್ಷನ್ ಹಾಕಿದಾಗ ಉಳಿದ ಫೈಬರ್ ತುಂಡು ಇದೆ. ಅದರ ಕ್ಲ್ಯಾಡಿಂಗ್‌ನ್ನು ಹೈಡ್ರೊಫ್ಲೋರಿಕ್ ಆಸಿಡ್‌ನಲ್ಲಿ ಕರಗಿಸಬಹುದು ಅಂತ ಎಲ್ಲೋ ಓದಿದೆವು.

ಆ ಆಸಿಡ್ ಮುಟ್ಟಬೇಡಿ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಅದು ಗಾಜನ್ನು ಕರಗಿಸುವುದು ನಿಜ, ಚರ್ಮ ದಾಟಿ ಮೂಳೆಯವರೆಗೂ ಹೋಗುವುದೂ ನಿಜ. ಎಷ್ಟೋ ಸಲ ಬಿದ್ದ ತಕ್ಷಣ ಉರಿಯುವುದೂ ಇಲ್ಲ, ಉರಿ ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ.

ಅದರ ಅಗತ್ಯವೂ ಇಲ್ಲ. ಇಂಟರ್‌ನೆಟ್ ಫೈಬರ್‌ನಲ್ಲಿ ಬೆಳಕು ಹೋಗುವ ಕೋರ್ ಎಂಟೊಂಬತ್ತು ಮೈಕ್ರಾನ್, ಸುತ್ತಲಿನ ಗಾಜು ಸೇರಿ 125. ನಿಮಗೆ ಬೇಕಾಗಿರುವುದು ಗಾಜಿನ ಕೋರ್, ಪ್ಲಾಸ್ಟಿಕ್ ಕ್ಲ್ಯಾಡಿಂಗ್ ಇರುವ ದಪ್ಪ ಫೈಬರ್, 400 ಅಥವಾ 600 ಮೈಕ್ರಾನ್‌ನದು. ಬ್ಲೇಡನ್ನು ಓರೆಯಾಗಿ ಹಿಡಿದು, ಪೆನ್ಸಿಲ್ ಚೂಪು ಮಾಡುವ ಹಾಗಲ್ಲ, ಎಳನೀರಿನ ಗಂಜಿ ಕೆರೆಯುವ ಹಾಗೆ ಮೃದುವಾಗಿ ಎಬ್ಬಿಸಿದರೆ ಕ್ಲ್ಯಾಡಿಂಗ್ ಸುರುಳಿಯಾಗಿ ಬರುತ್ತದೆ. ಉಳಿದದ್ದನ್ನು ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಗೀಚು ಬಿದ್ದರೆ ಆ ತುಂಡು ಬಿಟ್ಟುಬಿಡಿ, ಅಲ್ಲೇ ಮುರಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಚೂರುಗಳನ್ನು ಟೇಪ್‌ಗೆ ಅಂಟಿಸಿ ಎಸೆಯಿರಿ.

ಚಿನ್ನಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವ ವಿಭಾಗದವರನ್ನು ಹಿಡಿಯಿರಿ. ಸ್ಯಾಂಪಲ್‌ಗೆ ಚಿನ್ನ ಬಳಿಯುವ ಸ್ಪಟರ್ ಕೋಟರ್ ಅವರ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಫೈಬರ್ ಗುಂಡಗಿರುವುದರಿಂದ ಒಂದು ಕಡೆ ಬಳಿದು, ತಿರುಗಿಸಿ ಇನ್ನೊಂದು ಕಡೆ ಬಳಿಯಬೇಕು. ದೀಪ ಹ್ಯಾಲೋಜನ್ ಆದರೆ ಒಳ್ಳೆಯದು, ಬಿಳಿ ಎಲ್ಇಡಿಯಲ್ಲಿ ಎಲ್ಲ ಬಣ್ಣ ಸಮನಾಗಿರುವುದಿಲ್ಲ. ಸ್ಪೆಕ್ಟ್ರೋಮೀಟರ್ ಸಿಗದಿದ್ದರೆ ಡಿವಿಡಿ ತುಂಡು ಮತ್ತು ವೆಬ್‌ಕ್ಯಾಮ್‌ನಿಂದಲೂ ಸಕ್ಕರೆ ನೀರಿನ ಮಟ್ಟಕ್ಕೆ ಕೆಲಸ ನಡೆಯುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿ 2015ರಲ್ಲಿ ಮೊಬೈಲ್‌ನ ಫ್ಲ್ಯಾಶ್ ದೀಪ ಮತ್ತು ಕ್ಯಾಮೆರಾ ಇಟ್ಟುಕೊಂಡೇ ಇಂಥ ಫೈಬರ್ ಸೆನ್ಸರ್ ಮಾಡಿದ್ದಾರೆ.

ತಗ್ಗೇ ಕಾಣುತ್ತಿಲ್ಲ ಅಂತ ಮೊದಲ ದಿನ ಎಲ್ಲರೂ ಗಾಬರಿಯಾಗುತ್ತಾರೆ. ದೀಪದ ಬೆಳಕಿನ ಏರಿಳಿತದಲ್ಲಿ ಅದು ಅಡಗಿರುತ್ತದೆ. ಫೈಬರ್‌ನಲ್ಲಿ ಬೆಳಕು ಎಲ್ಲ ದಿಕ್ಕಿಗೂ ಕಂಪಿಸುತ್ತಿರುತ್ತದೆ, ಎಲೆಕ್ಟ್ರಾನ್‌ಗಳನ್ನು ತೂಗುವುದು ಅದರಲ್ಲಿ ಅರ್ಧ ಮಾತ್ರ, ಹಾಗಾಗಿ ತಗ್ಗು ಆಳ ಇರುವುದಿಲ್ಲ. ಮೊದಲು ಫೈಬರ್ ಗಾಳಿಯಲ್ಲಿದ್ದಾಗ ಒಂದು ಗ್ರಾಫ್ ತೆಗೆದಿಟ್ಟುಕೊಳ್ಳಿ, ಗಾಳಿಯಲ್ಲಿ ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ತಗ್ಗು ಬೀಳುವುದಿಲ್ಲ. ನೀರಿನಲ್ಲಿ ತೆಗೆದದ್ದನ್ನು ಅದರಿಂದ ಭಾಗಿಸಿ. 600 ನ್ಯಾನೊಮೀಟರ್ ಆಚೀಚೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಸಕ್ಕರೆ ನೀರು, ನೂರಕ್ಕೆ 5, 10, 15, 20. ಪ್ರತಿ ಸಲ ತಾಪಮಾನ ಬರೆದುಕೊಳ್ಳಿ. ಫ್ರಿಜ್ ಕಥೆ ಮೇಲೆ ಹೇಳಿದೆನಲ್ಲ.

ಧಾರವಾಡದಿಂದ ನಿವೃತ್ತ ಅಧ್ಯಾಪಕರು: ಇದನ್ನು ಕಂಡುಹಿಡಿದವರು ಯಾರು? ನಮ್ಮ ದೇಶದವರ ಪಾಲು ಏನಾದರೂ ಇದೆಯೇ?

ಒಬ್ಬರ ಹೆಸರು ಹೇಳಿ ಮುಗಿಸುವಂತಿಲ್ಲ ಸರ್. 1902ರಲ್ಲಿ ಅಮೆರಿಕದ ರಾಬರ್ಟ್ ವುಡ್ ಲೋಹದ ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೀರು ಎಳೆದ ಫಲಕದ ಮೇಲೆ ಬೆಳಕು ಬಿಟ್ಟಾಗ ಕಾರಣ ಗೊತ್ತಾಗದ ಕಪ್ಪು ಪಟ್ಟೆಗಳನ್ನು ಕಂಡರು. 1968ರಲ್ಲಿ ಜರ್ಮನಿಯಲ್ಲಿ ಆಟ್ಟೊ ಒಂದು ರೀತಿ, ಕ್ರೆಟ್ಶ್‌ಮನ್ ಮತ್ತು ರೇಥರ್ ಇನ್ನೊಂದು ರೀತಿ, ಆ ಪಟ್ಟೆಗಳ ಹಿಂದಿದ್ದ ಎಲೆಕ್ಟ್ರಾನ್ ತೂಗಾಟವನ್ನು ಪ್ರಿಸಂ ಇಟ್ಟು ಬೇಕೆಂದಾಗ ಬರಿಸುವುದು ತೋರಿಸಿದರು. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ 1982-83ರಲ್ಲಿ ಅನಿಲವನ್ನೂ ಪ್ರೋಟೀನನ್ನೂ ಅಳೆದರು. ಫೈಬರ್‌ಗೆ ಬಂದದ್ದು ಆಗಲೇ ಹೇಳಿದ 1993ರ ಸಿಯಾಟಲ್ ಕೆಲಸದಿಂದ. ನಮ್ಮವರಲ್ಲಿ ಐಐಟಿ ದೆಹಲಿಯ ಬಿ.ಡಿ. ಗುಪ್ತಾ ಅವರ ತಂಡ ಈ ಫೈಬರ್‌ಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದೆ, ಈ ವಿಷಯದಲ್ಲಿ ಯಾರೇ ಓದಲು ಹೊರಟರೂ ಅವರ ಲೇಖನಗಳನ್ನು ದಾಟದೆ ಹೋಗಲಾಗುವುದಿಲ್ಲ. ಇನ್ನು ಫೈಬರ್‌ಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿ 1954ರಲ್ಲಿ ಲಂಡನ್ನಿನಿಂದ ವರದಿ ಮಾಡಿದ ಇಬ್ಬರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ.

ಬೆಂಗಳೂರಿನಿಂದ ಔಷಧ ಕಂಪನಿಯೊಂದರ ಉದ್ಯೋಗಿ: ಒಂದು ಫೈಬರ್ ಎಷ್ಟು ಸಲ ಬಳಸಬಹುದು? ಅಂಗಡಿಯಲ್ಲಿ ಸಿಗುತ್ತದೆಯೇ?

ಪ್ರಿಸಂ ಇರುವ ಎಸ್‌ಪಿಆರ್ ಯಂತ್ರಗಳು 1990ರಿಂದ ಮಾರಾಟಕ್ಕಿವೆ, ನಿಮ್ಮಂಥ ಕಂಪನಿಗಳಲ್ಲೇ ಜಾಸ್ತಿ. ಫೈಬರ್‌ನದು ಕಡಿಮೆ, ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಿಂದ ಹುಟ್ಟಿಕೊಂಡ ಕಂಪನಿಯೊಂದು ಮಾರಾಟಕ್ಕೆ ತಂದಿತ್ತು. ಅದರಲ್ಲಿ ಫೈಬರ್‌ನ ತುದಿಯಲ್ಲೇ ಚಿನ್ನ. ಬೆಳಕು ತುದಿಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಹಾಗಾಗಿ ಕಡ್ಡಿ ಅದ್ದಿದ ಹಾಗೆ ಅದ್ದಿದರೆ ಆಯಿತು.

ಎಷ್ಟು ಸಲ ಅನ್ನುವುದು ಮೇಲಿನ ತೊಗಲಿನ ಮೇಲೆ ಹೋಗುತ್ತದೆ, ಗಾಜಿನ ಮೇಲಲ್ಲ. ಪ್ರತಿಕಾಯ ಹಾಕಿದ್ದರೆ ಹುಳಿ ಬಫರ್‌ನಲ್ಲಿ ತೊಳೆದು ಹಿಡಿದದ್ದನ್ನು ಬಿಡಿಸುತ್ತಾರೆ, ಪ್ರತಿ ತೊಳೆತಕ್ಕೂ ಹಿಡಿತ ಒಂದಿಷ್ಟು ಸಡಿಲವಾಗುತ್ತದೆ. ಬರೀ ನೀರಿಗೆ ಅದ್ದಿದಾಗ ತಗ್ಗು ಮೊದಲಿದ್ದ ಜಾಗಕ್ಕೆ ವಾಪಸ್ ಬರುತ್ತಿದ್ದರೆ ಬಳಸಿ. ಎರಡು ಸಲ ತೊಳೆದ ಮೇಲೂ ಬರಲಿಲ್ಲ ಅಂದರೆ ತುದಿ ಕತ್ತರಿಸಿ ಹೊಸದಾಗಿ ಚಿನ್ನ ಹಾಕಿಸಿಕೊಳ್ಳಿ.